ಮೇಸ್ತ್ರಿಯ ವರದಿ ಕೋರ್ಟಿನಲ್ಲಿ ನಿಲ್ಲಬೇಕಾದರೆ



ಕಳೆದ ಒಕ್ಕೂಟದ ಸಭೆಯಲ್ಲಿ ಸಾಲ ಮರುಪಾವತಿಯ ಬಗ್ಗೆ ಮಾತಾಡ್ತಾ ಇದ್ದಾಗ ಒಬ್ಬ ಸದಸ್ಯೆ ಎದ್ದು ನಿಂತು, "ಸಿಸ್ಟರ್, ಸಾಲದ ಕಂತು ಕಟ್ತಾ ಇದ್ದೀನಿ, ಆದರೆ ಆ ಸಾಲದಲ್ಲಿ ಕಟ್ಟಿದ ಮನೆ ಸೋರ್ತಾ ಇದೆ. ಯಾರನ್ನ ಕೇಳೋದು?" ಅಂದರು. ಅವರು ಕೂತುಕೊಳ್ಳುವ ಮೊದಲೇ ಇನ್ನೂ ನಾಲ್ಕು ಕೈ ಮೇಲೆದ್ದವು. ಒಬ್ಬರದು ಶೌಚಾಲಯದ ಗುಂಡಿ ಕುಸಿದಿದೆ, ಇನ್ನೊಬ್ಬರದು ನೆಲದ ಟೈಲ್ಸ್ ಎದ್ದಿದೆ. ಎಲ್ಲರ ಕತೆಯೂ ಒಂದೇ. ಹಣ ಪೂರ್ತಿ ಕೊಟ್ಟಾಗಿದೆ, ಕಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ.

ಕಾನೂನು ನಮ್ಮ ಕಡೆ ಇದೆ. ಮನೆ ಕಟ್ಟಿಕೊಡುವುದೂ ಒಂದು ಸೇವೆ, ಅದರಲ್ಲಿ ಲೋಪವಾದರೆ ಗ್ರಾಹಕರು ದೂರು ಕೊಡಬಹುದು ಅಂತ ಸುಪ್ರೀಂ ಕೋರ್ಟು 1993ರಲ್ಲೇ, ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲೂ ಮನೆ ನಿರ್ಮಾಣ ಎಂಬ ಮಾತು ಸ್ಪಷ್ಟವಾಗಿದೆ. ಆದರೆ ಆಯೋಗದ ಮುಂದೆ ಹೋಗಿ "ಕೆಲಸ ಕೆಟ್ಟದಾಗಿದೆ" ಅಂತ ಅತ್ತರೆ ಸಾಲದು. ಅಲ್ಲಿ ಕೂತವರು ನಿಮ್ಮ ತಾರಸಿಯ ಮೇಲೆ ಹತ್ತಿ ನೋಡಿದವರಲ್ಲ, ಗಾರೆ ಕೆಲಸ ಬಲ್ಲವರೂ ಅಲ್ಲ. ಅವರಿಗೆ ಕಣ್ಣಾಗಿ ಒಬ್ಬ ತಿಳಿದವನು ಬೇಕು. ಆ ತಿಳಿದವನು ಬರೆದು ಕೊಡುವ ಕಾಗದಕ್ಕೆ ತಜ್ಞರ ವರದಿ ಅನ್ನುತ್ತಾರೆ. ಈ ತಿಂಗಳ ಪಾಠ ಅದರ ಬಗ್ಗೆ.

ತಜ್ಞ ಅಂದ ಕೂಡಲೇ ಕೋಟು ಹಾಕಿದ ಎಂಜಿನಿಯರ್ ಕಣ್ಣಮುಂದೆ ಬರುತ್ತಾರೆ. ಹಾಗೇನೂ ಇಲ್ಲ. ಹಳೇ ಸಾಕ್ಷ್ಯ ಕಾಯಿದೆಯ 45ನೇ ಕಲಮು ವಿಶೇಷ ಪರಿಣತಿ ಇರುವ ವ್ಯಕ್ತಿ ಅಂತ ಹೇಳಿತ್ತೇ ಹೊರತು ಡಿಗ್ರಿ ಇರಬೇಕು ಅಂತ ಹೇಳಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ವಿಜ್ಞಾನ, ಕಲೆ ಮಾತ್ರವಲ್ಲ, ಬೇರೆ ಯಾವುದೇ ಕ್ಷೇತ್ರದ ಪರಿಣತಿಯನ್ನೂ ಸೇರಿಸಿದೆ. ಇಪ್ಪತ್ತೈದು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ ಗಾರೆ ಕೆಲಸದ ಬಗ್ಗೆ ಹೇಳಬಲ್ಲ. ಬಾಗಿಲಿನ ಬಗ್ಗೆ ಬಡಗಿ ಹೇಳಬಲ್ಲ. ನಮ್ಮ ಹೊಲಿಗೆ ಸಂಘದವರೂ ನೆನಪಿಟ್ಟುಕೊಳ್ಳಿ, ಶಾಲೆಯ ಸಮವಸ್ತ್ರದ ಹೊಲಿಗೆ ಬಿಚ್ಚಿಹೋಯಿತು ಅಂತ ಯಾರಾದರೂ ಖಟ್ಲೆ ಹಾಕಿದರೆ ಅಭಿಪ್ರಾಯ ಹೇಳಲು ನಿಮ್ಮನ್ನೇ ಕರೆಯಬಹುದು.

ಒಂದು ಮನೆಯ ಕತೆ

ಕೆಲವು ವರ್ಷಗಳ ಹಿಂದೆ ನಮ್ಮ ಮಲೆನಾಡಿನ ಕಡೆಯ ಒಂದು ಸಂಘದ ಸದಸ್ಯೆ ಮನೆ ಕಟ್ಟಿಸಿದರು. ಹೆಸರು ಬೇಡ, ನಾವೆಲ್ಲ ಅಕ್ಕ ಅಂತಲೇ ಕರೀತೇವೆ. ಸಂಘದ ಸಾಲ, ಮಾರಿದ ಬಳೆ, ಗಂಡನ ಕೂಲಿಯ ಉಳಿತಾಯ ಎಲ್ಲ ಸೇರಿಸಿ ಮೂರು ಲಕ್ಷದ ಹತ್ತು ಸಾವಿರಕ್ಕೆ ಸಾಮಾನು ಸಮೇತ ಗುತ್ತಿಗೆ. ಒಂದು ಕೋಣೆ, ಅಡಿಗೆ ಮನೆ, ಮೇಲೆ 20 ಅಡಿ ಉದ್ದ 12 ಅಡಿ ಅಗಲದ ಆರ್.ಸಿ.ಸಿ. ತಾರಸಿ. ಮೊದಲ ಮಳೆಗಾಲದಲ್ಲೇ ಮಲಗುವ ಜಾಗದ ಮೇಲೆ ಹನಿ ಬಿತ್ತು. ಎರಡನೇ ಮಳೆಗಾಲದ ಹೊತ್ತಿಗೆ ಸೂರಿನಲ್ಲಿ ಕಂಬಿ ಕಾಣಿಸಿಕೊಂಡು ತುಕ್ಕು ಇಳಿಯುತ್ತಿತ್ತು. ಮಗುವಿನ ಪುಸ್ತಕದ ಮೇಲೆ ಕೆಂಪು ಕಲೆ ಬಿದ್ದ ದಿನ ಅಕ್ಕ ನನ್ನ ಹತ್ತಿರ ಬಂದರು.

ಅವರ ಕೈಯಲ್ಲಿ ಆಗಲೇ ಒಂದು "ವರದಿ" ಇತ್ತು. ಊರಿನ ಇನ್ನೊಬ್ಬ ಮೇಸ್ತ್ರಿ ನೋಟ್‌ಬುಕ್ ಹಾಳೆಯಲ್ಲಿ ಬರೆದುಕೊಟ್ಟದ್ದು. "ಈ ಮನೆಯ ಕೆಲಸ ಪೂರಾ ಕಳಪೆ. ಸಿಮೆಂಟ್ ಕದ್ದಿದ್ದಾರೆ. ತಾರಸಿ ಯಾವಾಗ ಬೇಕಾದರೂ ಬೀಳುತ್ತದೆ. ಒಡೆದು ಹೊಸದು ಹಾಕಬೇಕು." ಇಷ್ಟೇ. ತಾರೀಕಿಲ್ಲ, ಅಳತೆಯಿಲ್ಲ. ಉಚಿತ ಕಾನೂನು ನೆರವಿನ ವಕೀಲರು ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು: "ಹೊಸ ತಾರಸಿ ಹಾಕೋಕೆ ದರ ಕೊಟ್ಟಿರೋದು ಯಾರು?" ಅದೇ ಮೇಸ್ತ್ರಿ! ಎರಡು ಲಕ್ಷ ಕೇಳಿದ್ದ. ವಕೀಲರು ಕಾಗದ ಮಡಚಿ ಅಕ್ಕನ ಕೈಗೇ ವಾಪಸ್ ಕೊಟ್ಟರು.

ಆ ಮೇಸ್ತ್ರಿ ಕೆಟ್ಟವನು ಅಂತ ನಾನು ಹೇಳಲ್ಲ. ಅವನು ಬರೆದದ್ದರಲ್ಲಿ ಸ್ವಲ್ಪ ಸತ್ಯವೂ ಇತ್ತು. ಆದರೆ ಸಿಮೆಂಟ್ ಕದ್ದದ್ದನ್ನು ಅವನು ನೋಡಿದ್ದನಾ? ತಾರಸಿ ಬೀಳುತ್ತೆ ಅಂತ ಯಾವ ಲೆಕ್ಕದಿಂದ ಹೇಳಿದ? ಎದುರು ಪಕ್ಷದ ವಕೀಲರು ಈ ಎರಡು ಪ್ರಶ್ನೆ ಕೇಳಿದರೆ ವರದಿಯ ಕತೆ ಮುಗಿಯಿತು, ಅದರ ಜೊತೆ ಅಕ್ಕನ ಕಣ್ಣೀರಿನ ಬೆಲೆಯೂ.

ಹಿಮಾಚಲ ಪ್ರದೇಶದ ಸೇಬು ಬೆಳೆಗಾರರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ಹೇಳಿದ ಮಾತಿನ ಸಾರ ಇದು: ತಜ್ಞನು ತನ್ನ ತೀರ್ಮಾನ ಮಾತ್ರ ಹೇಳಿದರೆ ಆಗದು, ಆ ತೀರ್ಮಾನ ಸರಿಯೋ ತಪ್ಪೋ ಅಂತ ನ್ಯಾಯಾಧೀಶರೇ ಪರೀಕ್ಷಿಸಲು ಬೇಕಾದ ಆಧಾರವನ್ನೂ ಕೊಡಬೇಕು. ಅಡಿಗೆಯ ಮಾತಿನಲ್ಲಿ ಹೇಳೋದಾದರೆ, "ಸಾರು ಕೆಟ್ಟಿದೆ" ಅನ್ನೋದು ತೀರ್ಮಾನ. "ಬೆಳಿಗ್ಗೆ ಆರಕ್ಕೆ ಮಾಡಿದ್ದು, ಮುಚ್ಚದೆ ಇಟ್ಟಿದ್ದು, ಸಂಜೆ ನಾಲ್ಕಕ್ಕೆ ನೊರೆ ಬಂದಿತ್ತು, ಹುಳಿ ವಾಸನೆ ಇತ್ತು" ಅನ್ನೋದು ಆಧಾರ. ಎರಡನೆಯದನ್ನು ಕೇಳಿದ ಮೇಲೆ ತೀರ್ಮಾನವನ್ನು ಕೇಳುವವರೇ ಮಾಡ್ತಾರೆ.

ಎರಡನೇ ಮೇಸ್ತ್ರಿ

ಪಕ್ಕದ ಊರಿನಲ್ಲಿ ವಯಸ್ಸಾದ ಒಬ್ಬ ಮೇಸ್ತ್ರಿ ಇದ್ದರು. ಅಕ್ಕನಿಗೆ ನೆಂಟರಲ್ಲ, ಆ ಕಂಟ್ರಾಕ್ಟರ್ ಜೊತೆ ಜಗಳವೂ ಇಲ್ಲ. ನಾವು ಮೂವರು ಹೋಗಿ ಕೇಳಿದಾಗ ಅವರು ಒಪ್ಪಲಿಲ್ಲ. "ಸಿಸ್ಟರಮ್ಮಾ, ಇನ್ನೊಬ್ಬನ ಅನ್ನಕ್ಕೆ ಮಣ್ಣು ಹಾಕೋ ಕೆಲಸ ನನಗೆ ಬೇಡ. ನಾಳೆ ಅದೇ ಹುಡುಗನ ಜೊತೆ ನಾನು ಕೆಲಸ ಮಾಡಬೇಕಾಗುತ್ತೆ" ಅಂದರು. ಅವರ ಮಾತಲ್ಲಿ ನ್ಯಾಯ ಇತ್ತು. ನಾನು ಹೇಳಿದೆ, "ತಪ್ಪು ಅಂತ ಬರೀಬೇಡಿ ಮೇಸ್ತ್ರಿ. ಅಳತೆ ಹಿಡಿದು ಕಂಡದ್ದನ್ನ ಬರೀರಿ. ಸರಿ ಇರೋದನ್ನೂ ಬರೀರಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಇರೋದನ್ನೂ ಬರೀಬಹುದಾ?" ಅಂತ ಕೇಳಿದರು. ಆಮೇಲೆ ಒಪ್ಪಿದರು. ದುರಸ್ತಿ ಕೆಲಸ ತಾನು ತಗೊಳ್ಳಲ್ಲ ಅಂತ ಮೊದಲೇ ಹೇಳಿಬಿಟ್ಟರು. ಅದೂ ಒಳ್ಳೆಯದೇ ಆಯಿತು. ಅವರ ಎರಡು ದಿನದ ಕೂಲಿ ಮಾತ್ರ ಅಕ್ಕ ಕೊಟ್ಟರು, ಅದನ್ನೂ ವರದಿಯಲ್ಲಿ ಬರೆಸಿದೆವು. ಗೆದ್ದರೆ ಇಷ್ಟು ಪಾಲು ಅಂತ ಯಾರಾದರೂ ಕೇಳಿದರೆ ಅಂಥವರನ್ನು ಬಿಟ್ಟುಬಿಡಿ.

ತಪಾಸಣೆಗೆ ಮೊದಲು ಕಂಟ್ರಾಕ್ಟರ್‌ಗೆ ಇಂಥ ದಿನ, ಇಂಥ ಹೊತ್ತಿಗೆ ನೋಡ್ತೇವೆ, ನೀವೂ ಬನ್ನಿ ಅಂತ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಹಾಕಿ ರಸೀದಿ ಇಟ್ಟುಕೊಂಡೆವು. ಅವರು ಬರಲಿಲ್ಲ. ಬಂದಿದ್ದರೆ ಇನ್ನೂ ಚೆನ್ನಾಗಿತ್ತು. ಬೆನ್ನ ಹಿಂದೆ ಮಾಡಿದರು ಅನ್ನೋ ಮಾತಿಗೆ ಅವಕಾಶ ಇರಬಾರದು.

ಮೇಸ್ತ್ರಿ ಟೇಪು, ಸ್ಟೀಲ್ ಸ್ಕೇಲು, ಲೆವೆಲ್ ಪೈಪು, ತೂಗುಗುಂಡು, ಚಿಕ್ಕ ಸುತ್ತಿಗೆ ತಂದರು. ಮೊದಲು ಗೋಡೆಗೆ ತೂಗುಗುಂಡು ಬಿಟ್ಟರು. ಗೋಡೆ ನೆಟ್ಟಗಿತ್ತು. (ಬೈಬಲಿನಲ್ಲಿ ಪ್ರವಾದಿ ಆಮೋಸನಿಗೆ ದೇವರು ತೂಗುಗುಂಡು ಹಿಡಿದು ಗೋಡೆಯ ಪಕ್ಕ ನಿಂತ ದರ್ಶನವಾಗುತ್ತದೆ. ಅವತ್ತು ನನಗೆ ಅದೇ ನೆನಪಾಯಿತು. ಗುಂಡಿಗೆ ಮುಖ ನೋಡಿ ಮಾತಾಡೋ ಅಭ್ಯಾಸ ಇಲ್ಲ.) ಗೋಡೆಯ ಪ್ಲಾಸ್ಟರಿಂಗನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು, ಪೊಳ್ಳು ಶಬ್ದ ಎಲ್ಲೂ ಬರಲಿಲ್ಲ. ಇದನ್ನೂ ಬರೆಸಿದರು. ಅಕ್ಕನ ಮುಖ ಸಣ್ಣಗಾಯಿತು.

ಆಮೇಲೆ ತಾರಸಿ. ನೀರು ಹೋಗುವ ಪೈಪಿನ ಬಾಯಿಗಿಂತ ತಾರಸಿಯ ನಡುಭಾಗ 18 ಮಿ.ಮೀ. ತಗ್ಗಿತ್ತು. ಸಾಮಾನ್ಯವಾಗಿ ತಾರಸಿಗೆ 100ಕ್ಕೆ 1ರಂತೆ ಇಳಿಜಾರು ಕೊಡುತ್ತಾರೆ, ಅಂದರೆ 12 ಅಡಿಗೆ ಸುಮಾರು ಒಂದೂವರೆ ಇಂಚು. ಇಲ್ಲಿ ಇಳಿಜಾರು ಹಿಂದುಮುಂದಾಗಿತ್ತು. ಬೆಳಿಗ್ಗೆ 10.20ಕ್ಕೆ ಆ ತಗ್ಗಿಗೆ ನೀರು ಹೊಯ್ದರು, 11.05ಕ್ಕೆ ಕೆಳಗೆ ಮೊದಲ ಹನಿ. ಗಂಟೆ ನೋಡಿ ಬರೆದವಳು ಸಂಘದ ಕಾರ್ಯದರ್ಶಿ. ಒಳಗೆ ಸೂರಿನಲ್ಲಿ ಮೂರು ಕಡೆ ಕಂಬಿ ಬರಿಗಣ್ಣಿಗೆ ಕಾಣುತ್ತಿತ್ತು. ಎರಡು ಕಡೆ ಕಾಂಕ್ರೀಟು ಜೇನುಗೂಡಿನ ಹಾಗೆ ತೂತು. ಪ್ರತಿಯೊಂದು ಜಾಗವೂ ಯಾವ ಗೋಡೆಯಿಂದ ಎಷ್ಟು ಅಡಿ ದೂರ ಅಂತ ಅಳೆದು ಒಂದು ನಕ್ಷೆಯಲ್ಲಿ ಗುರುತು ಹಾಕಿದರು. ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲು ಹಿಡಿದರು. ಸ್ಕೇಲಿಲ್ಲದ ಫೋಟೋದಲ್ಲಿ ಕೂದಲೆಳೆಯ ಬಿರುಕೂ ಬಾವಿಯ ಹಾಗೆ ಕಾಣುತ್ತೆ!

ಕಂಡದ್ದು, ಕೇಳಿದ್ದು, ಅನಿಸಿದ್ದು

ವರದಿಯಲ್ಲಿ ಈ ಮೂರನ್ನು ಬೇರೆ ಬೇರೆ ಇಡಬೇಕು. ನಮ್ಮಲ್ಲಿ ಹೆಚ್ಚಿನ ವರದಿಗಳು ಕೆಡುವುದೇ ಇವು ಮೂರೂ ಕಲಸಿಹೋಗಿ.

ಕಂಡದ್ದು ಮೇಲೆ ಹೇಳಿದ ಅಳತೆಗಳು. ಇನ್ನೊಬ್ಬರು ಬಂದು ಅಳೆದರೂ ಅದೇ ಬರಬೇಕು.

ಕೇಳಿದ್ದು ಬೇರೆ. ಸೆಂಟ್ರಿಂಗನ್ನು ಐದನೇ ದಿನವೇ ಬಿಚ್ಚಿದರು ಅಂತ ಅಕ್ಕ ಹೇಳಿದ್ದರು. 2000ದ ಐಎಸ್ 456 ಎಂಬ ಭಾರತೀಯ ಮಾನಕದ ಪ್ರಕಾರ ಇಷ್ಟು ಅಗಲದ ತಾರಸಿಯ ಕೆಳಗಿನ ಆಧಾರದ ಕಂಬಗಳು ಕನಿಷ್ಠ ಏಳು ದಿನ ಇರಬೇಕು. ಆದರೆ ಮೇಸ್ತ್ರಿ ಅಂದು ಅಲ್ಲಿರಲಿಲ್ಲ. ಹಾಗಾಗಿ "ಮನೆಯವರು ಹೀಗೆ ತಿಳಿಸಿದರು" ಅಂತ ಮಾತ್ರ ಬರೆದರು. ಇದಕ್ಕೆ ಸಾಕ್ಷಿ ಎಲ್ಲಿ ಸಿಕ್ಕಿತು ಗೊತ್ತೇ? ಸಂಘದ ನಡಾವಳಿ ಪುಸ್ತಕದಲ್ಲಿ! ಭಾನುವಾರ ಮೋಲ್ಡ್ ಹಾಕಿದ್ದರಿಂದ ಅಕ್ಕ ಸಭೆಗೆ ಗೈರು ಅಂತ ಒಂದು ವಾರ, ಶುಕ್ರವಾರ ಸೆಂಟ್ರಿಂಗ್ ಬಿಚ್ಚಿದ ಹಲಗೆ ಸಾಗಿಸಲು ಇಬ್ಬರು ಸದಸ್ಯೆಯರು ಹೋಗಿದ್ದರು ಅಂತ ಮುಂದಿನ ವಾರ ಬರೆದಿತ್ತು. ನಡಾವಳಿ ಬರೆಯೋದು ಕಾಟಾಚಾರ ಅಂತ ಗೊಣಗುವವರು ಇದನ್ನು ಇನ್ನೊಮ್ಮೆ ಓದಿ.

ಇನ್ನು ಅನಿಸಿದ್ದು, ಅಂದರೆ ಅಭಿಪ್ರಾಯ. ಇಲ್ಲೇ ನಿಜವಾದ ಕಷ್ಟ ಬಂದದ್ದು. ನೀರು ಹಾಯಿಸೋದು ಅಕ್ಕನ ಜವಾಬ್ದಾರಿಯಾಗಿತ್ತು. ಈಗ ಸಿಗುವ ಮಿಶ್ರ ಸಿಮೆಂಟಿಗೆ ಕನಿಷ್ಠ ಹತ್ತು ದಿನ ನೀರು ನಿಲ್ಲಿಸಬೇಕು ಅಂತ ಅದೇ ಮಾನಕ ಹೇಳುತ್ತದೆ. ಬೋರ್‌ವೆಲ್ ಮೋಟರು ಸುಟ್ಟುಹೋಗಿ ಅಕ್ಕ ಆರನೇ ದಿನಕ್ಕೆ ನಿಲ್ಲಿಸಿದ್ದರು. ಮೇಸ್ತ್ರಿ ಕೇಳಿದಾಗ ಅವರು ನಿಜ ಹೇಳಿದರು. ಅದನ್ನು ಬರೆಯುತ್ತೇನೆ ಅಂದಾಗ ಮಾತ್ರ, "ನನ್ನ ದುಡ್ಡಲ್ಲಿ ನನ್ನ ಮೇಲೇ ಬರೆಸ್ತೀರಾ ಸಿಸ್ಟರ್?" ಅಂತ ಸಿಟ್ಟಾದರು. ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ನಿಜ ಹೇಳಬೇಕು ಅಂದರೆ ನನಗೂ ಆ ಸಾಲು ಬಿಟ್ಟುಬಿಡೋಣ ಅಂತ ಒಂದು ಕ್ಷಣ ಅನಿಸಿತ್ತು. ಮೇಸ್ತ್ರಿ ಬಿಡಲಿಲ್ಲ. "ಅವರ ವಕೀಲ ಮೊದಲು ಕೇಳೋದೇ ಇದನ್ನ" ಅಂದರು.

ಅವರು ಹೇಳಿ ಬರೆಸಿದ ಸಾಲುಗಳು ಹೀಗಿದ್ದವು: "ನೀರು ಆರು ದಿನ ಮಾತ್ರ ಹಾಯಿಸಿದ್ದಾಗಿ ಮನೆಯವರು ಒಪ್ಪಿದ್ದಾರೆ. ಇದರಿಂದ ಕಾಂಕ್ರೀಟಿನ ಬಲ ಕಡಿಮೆಯಾಗಬಹುದು, ಮೇಲ್ಮೈಯಲ್ಲಿ ಸಣ್ಣ ಬಿರುಕು ಬರಬಹುದು. ಆದರೆ ನೀರು ಕಡಿಮೆ ಹಾಯಿಸಿದ ಕಾರಣಕ್ಕೆ ಕಂಬಿ ಕೆಳಗೆ ಇಳಿಯುವುದಿಲ್ಲ, ಇಳಿಜಾರು ತಿರುಗುವುದಿಲ್ಲ, ಜೇನುಗೂಡು ಆಗುವುದಿಲ್ಲ. ಕಂಬಿ ಕಾಣುವುದು ಕೆಳಗೆ ಕವರ್ ಬ್ಲಾಕ್ ಇಡದಿದ್ದರೆ ಅಥವಾ ಇಟ್ಟದ್ದು ಜರುಗಿದರೆ. ಜೇನುಗೂಡು ಆಗುವುದು ಕಾಂಕ್ರೀಟನ್ನು ಸರಿಯಾಗಿ ಕುಟ್ಟಿ ಕೂರಿಸದಿದ್ದರೆ. ಇವು ಮೋಲ್ಡ್ ಹಾಕುವ ದಿನದ ಕೆಲಸ."

ಎಷ್ಟು ಸರಳ ನೋಡಿ! ಯಾರ ಮೇಲೂ ಬೈಗುಳವಿಲ್ಲ. ಎಷ್ಟೇ ರಕ್ಷಿತ ಜಾಗವಾದರೂ ಕಂಬಿಯ ಕೆಳಗೆ 15 ಮಿ.ಮೀ.ಗಿಂತ ಕಡಿಮೆ ಕಾಂಕ್ರೀಟು ಇರಬಾರದು, ಮಳೆ ಮತ್ತು ಉಪ್ಪುಗಾಳಿಯ ಕಡೆ ಇನ್ನೂ ಹೆಚ್ಚು ಬೇಕು ಅನ್ನುವ ಮಾನಕದ ಮಾತನ್ನು ಅದರ ಜೊತೆ ಸೇರಿಸಿದೆವು.

ತಾರಸಿ ಬೀಳುತ್ತದೆಯೇ ಅಂತ ನಾನು ಕೇಳಿದ್ದಕ್ಕೆ ಮೇಸ್ತ್ರಿ, "ಅದು ನನ್ನ ವಿದ್ಯೆ ಅಲ್ಲ" ಅಂದರು. ಹಾಗೆ ಹೇಳಬಲ್ಲವನೇ ಒಳ್ಳೆಯ ತಜ್ಞ. ಬಲದ ಪರೀಕ್ಷೆಗೆ ಒಬ್ಬ ಸಿವಿಲ್ ಎಂಜಿನಿಯರ್ ಬಂದು ರಿಬೌಂಡ್ ಹ್ಯಾಮರ್ ಎಂಬ ಉಪಕರಣದಿಂದ ನೋಡಿ, ಒಡೆಯುವ ಅಗತ್ಯವಿಲ್ಲ, ದುರಸ್ತಿ ಸಾಕು ಅಂತ ಬೇರೆ ವರದಿ ಕೊಟ್ಟರು. ದುರಸ್ತಿಯ ಅಂದಾಜುಪಟ್ಟಿಯನ್ನು ಒಟ್ಟಿಗೆ ಇಷ್ಟು ಅಂತ ಬರೆಯದೆ ಒಂದೊಂದು ಕೆಲಸಕ್ಕೂ ಅಳತೆ, ದರ, ಮೊತ್ತ ಅಂತ ಬಿಡಿಸಿ ಬರೆದರು. ಇದಕ್ಕೆ ಲೋಕೋಪಯೋಗಿ ಇಲಾಖೆಯ ದರಪಟ್ಟಿ ಆಧಾರ. ಮೊತ್ತ ನಲವತ್ತಾರು ಸಾವಿರ ಆಯಿತು. ಮೂರು ಲಕ್ಷ ಕೇಳಬೇಕು ಅಂತಿದ್ದ ಅಕ್ಕನಿಗೆ ಇದೂ ಬೇಸರವೇ.

ಕಾಗದಪತ್ರದ ಕೆಲಸ

ವರದಿಯನ್ನು ಕನ್ನಡದಲ್ಲೇ ಬರೆಯಬಹುದು. ಮೊದಲಿಗೆ ಬರೆದವರ ಹೆಸರು, ಊರು, ಎಷ್ಟು ವರ್ಷದ ಅನುಭವ, ಯಾರು ಕರೆದರು, ಕೂಲಿ ಎಷ್ಟು, ಎರಡೂ ಪಕ್ಷದವರ ಜೊತೆ ಏನಾದರೂ ಸಂಬಂಧ ಇದೆಯೇ ಅನ್ನೋದು. ಆಮೇಲೆ ತಪಾಸಣೆಯ ದಿನ, ಹೊತ್ತು, ಯಾರ್ಯಾರು ಇದ್ದರು. ನಂತರ ಕಂಡದ್ದು, ಕೇಳಿದ್ದು, ಅಭಿಪ್ರಾಯ, ಅಂದಾಜು. ಪ್ರತಿ ಪುಟಕ್ಕೂ ಸಹಿ. ಮೇಸ್ತ್ರಿಗೆ ಬರೆಯಲು ಬಾರದಿದ್ದರೆ ಅವರ ಮಾತಿನಲ್ಲೇ ಬೇರೆಯವರು ಬರೆದು, ಓದಿ ಹೇಳಿ, "ಓದಿ ಹೇಳಿದ್ದನ್ನು ಕೇಳಿ ಸರಿಯೆಂದು ಒಪ್ಪಿದ್ದೇನೆ" ಅಂತ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಬೇಕು. ದಯವಿಟ್ಟು ನಾವೇ ಚೆಂದದ ಭಾಷೆಯಲ್ಲಿ ಬರೆದು ಅವರ ಸಹಿ ತಗೊಳ್ಳೋದು ಬೇಡ. ಸಿವಿಲ್ ಕೋರ್ಟಿನ ಕಟಕಟೆಯಲ್ಲಿ ಅವರನ್ನು ಪಾಟೀಸವಾಲು ಮಾಡಿದಾಗ ತಾವು ಬರೆಸದ ಪದಕ್ಕೆ ಅವರು ಉತ್ತರ ಹೇಳಲಾರರು. ಗ್ರಾಹಕ ಆಯೋಗದಲ್ಲಿ ವಿಚಾರಣೆ ಹೆಚ್ಚಾಗಿ ಅಫಿಡವಿಟ್ ಮತ್ತು ದಾಖಲೆಗಳ ಮೇಲೆ ನಡೆಯುತ್ತದೆ, ಹಾಗಾಗಿ ವರದಿಯ ಜೊತೆ ಮೇಸ್ತ್ರಿಯ ಅಫಿಡವಿಟ್ ಇರಲಿ. ಮೊಬೈಲ್ ಫೋಟೋಗಳಿಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನು ವಕೀಲರು ಮಾಡಿಸಿಕೊಡುತ್ತಾರೆ. ಫೋಟೋ ತೆಗೆದ ಫೋನಿನಿಂದ ಅವುಗಳನ್ನು ಅಳಿಸಬೇಡಿ.

ವರದಿ ಆಗುವ ಮೊದಲು ದುರಸ್ತಿ ಮಾಡಿಸಬೇಡಿ. ಮಳೆ ತಡೆಯಲು ಪ್ಲಾಸ್ಟಿಕ್ ಹೊದಿಸಿದರೆ ತೊಂದರೆಯಿಲ್ಲ.

ಘಟನೆ ನಡೆದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬೇಕು. ನೀವು ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಆದರೆ ಒಂದು ಎಚ್ಚರ: ಗುತ್ತಿಗೆ ಕೊಡದೆ ನೀವೇ ಸಾಮಾನು ತಂದು, ನೀವು ಹೇಳಿದ ಹಾಗೆ ಕೆಲಸ ಮಾಡಲು ದಿನಗೂಲಿಗೆ ಆಳು ಇಟ್ಟುಕೊಂಡಿದ್ದರೆ ಅದು ಗ್ರಾಹಕ ಕಾಯಿದೆಯೊಳಗೆ ಬರುವುದು ಕಷ್ಟ. ಆಗ ಸಿವಿಲ್ ಕೋರ್ಟೇ ದಾರಿ. ಅಲ್ಲಿ ಕೋರ್ಟೇ ಒಬ್ಬ ಕಮಿಷನರನ್ನು ನೇಮಿಸಿ ಸ್ಥಳ ಪರಿಶೀಲನೆ ಮಾಡಿಸಿ ಅಂತ ಕೇಳಿಕೊಳ್ಳಬಹುದು. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಇದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಲ್ಲೇ ಇದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಗ್ರಾಹಕ ಸಹಾಯವಾಣಿ 1915.

ಅಕ್ಕನ ಪ್ರಕರಣದಲ್ಲಿ ಕಂಟ್ರಾಕ್ಟರ್ ತಮ್ಮ ಉತ್ತರದಲ್ಲಿ ಹೇಳಿದ್ದು ಒಂದೇ ಮಾತು: ಮನೆಯವರು ನೀರು ಹಾಯಿಸಲಿಲ್ಲ. ಅದಕ್ಕೆ ಜವಾಬು ವರದಿಯ ನಾಲ್ಕನೇ ಪುಟದಲ್ಲಿ ಆಗಲೇ ಇತ್ತು. ಆಯೋಗ ದುರಸ್ತಿಯ ನಲವತ್ತಾರು ಸಾವಿರವನ್ನು ಪೂರ್ತಿಯಾಗಿ, ಜೊತೆಗೆ ಖಟ್ಲೆಯ ಖರ್ಚನ್ನು ಕೊಡಿಸಿತು. ಹಣ ಕೈಗೆ ಬರಲು ಮತ್ತೆ ಎಂಟು ತಿಂಗಳು ಓಡಾಡಬೇಕಾಯಿತು. ದುರಸ್ತಿ ಮಾಡಿದ್ದು ಮೂರನೇ ಒಬ್ಬ ಮೇಸ್ತ್ರಿ. ಈ ಸಲ ಅಕ್ಕ ಹದಿನಾಲ್ಕು ದಿನ ಬಿಡದೆ ನೀರು ಹಾಯಿಸಿದರು.

ಮುಂದಿನ ಸಭೆಗೆ

ಸಂಘದ ಕೋಣೆಯಲ್ಲೋ ಅಂಗನವಾಡಿಯಲ್ಲೋ ಇರುವ ಒಂದು ಬಿರುಕನ್ನು ಆರಿಸಿಕೊಳ್ಳಿ. ಇಬ್ಬಿಬ್ಬರು ಸೇರಿ ಅದರ ಉದ್ದ, ಅಗಲ, ಯಾವ ಮೂಲೆಯಿಂದ ಎಷ್ಟು ದೂರ ಅಂತ ಬೇರೆ ಬೇರೆಯಾಗಿ ಅಳೆದು ಬರೆಯಿರಿ, ಒಬ್ಬರದನ್ನು ಒಬ್ಬರು ನೋಡಬೇಡಿ. ಆಮೇಲೆ ಎಲ್ಲರ ಕಾಗದ ಪಕ್ಕಪಕ್ಕ ಇಟ್ಟು ಓದಿ. ಎಲ್ಲಿ ಅಳತೆ ಬೇರೆಯಾಗಿದೆ, ಎಲ್ಲಿ ಕಂಡದ್ದರ ಜಾಗದಲ್ಲಿ ಅನಿಸಿದ್ದು ನುಸುಳಿದೆ ಅಂತ ಗುರುತು ಹಾಕಿ. ಮನೆ ಕಟ್ಟಿಸುತ್ತಿರುವ ಸದಸ್ಯೆಯರು ಗುತ್ತಿಗೆಯ ಚೀಟಿ ಮತ್ತು ಹಣ ಕೊಟ್ಟ ರಸೀದಿಗಳ ಜೆರಾಕ್ಸ್ ತಂದು ಸಂಘದ ಕಡತದಲ್ಲಿ ಇಡಿ. ಚೀಟಿಯೇ ಮಾಡಿಸಿಲ್ಲದವರು ಯಾವ ದಿನ ಎಷ್ಟು ಹಣ ಕೊಟ್ಟಿರಿ, ಕೆಲಸ ಎಲ್ಲಿಗೆ ಬಂದಿದೆ ಅನ್ನೋದನ್ನು ಅದೇ ಸಭೆಯ ನಡಾವಳಿಯಲ್ಲಿ ಬರೆಸಿ, ಇಬ್ಬರ ಸಹಿ ಹಾಕಿಸಿ.